ಕಡಲ ಬಂಗಲೆಯ ಹೂದಾನಿ

ಜನವರಿ 9

ಅಕ್ಕಾ,

ಕೆಲಸಕ್ಕೆ ಸೇರಿದೆ. ಬೇರೆಲ್ಲೂ ಅಲ್ಲ, ಕಡಲ ಬಂಗಲೆಯಲ್ಲೇ. ಅಮ್ಮ ಹುಡುಗಿಯಾಗಿದ್ದಾಗ ಕೆಲಸಕ್ಕಿದ್ದ ಅದೇ ಮನೆ ಈಗ ಹೋಟೆಲಾಗಿದೆ. ಬಂದವರಿಗೆ ಬಂಗಲೆ ತೋರಿಸುವುದು, ಅದರ ಚರಿತ್ರೆಯನ್ನು ಬಾಯಿತುಂಬ ಹೊಗಳುವುದು, ಇದು ನನ್ನ ಕೆಲಸ. ಸಿಡುಕಿ ಅಂತ ನೀನು ಹೆಸರಿಟ್ಟೆಯಲ್ಲ, ಅಂಥವಳಿಗೆ ದಿನವಿಡೀ ನಗುವ ಕೆಲಸ ಸಿಕ್ಕಿದೆ, ನೋಡು ಹಣೆಬರಹ! ಸಂಜೆ ರೂಮಿಗೆ ಬಂದಾಗ ದವಡೆ ನೋಯುತ್ತಿರುತ್ತದೆ.

ಬಂಗಲೆ ಹೇಗಿದೆ ಅಂತ ನೀನು ಕೇಳುತ್ತೀಯ. ಕಟ್ಟಿಸಿದವನು ಹಡಗುಗಳ ಯಜಮಾನ. ಸರಕು ಇಳಿಸಿ ಬರಿದಾದ ಹಡಗು ವಾಪಸು ಬರುವಾಗ ಹೊಯ್ದಾಡದಿರಲೆಂದು ಅದಕ್ಕೆ ಕಲ್ಲು ತುಂಬುತ್ತಾರಂತೆ. ಬರೀ ಕಲ್ಲು ಯಾಕೆ ಅಂತ ಈ ಮಹಾರಾಯ ಅಮೃತಶಿಲೆ ತುಂಬಿಸಿದ. ನೆಲ, ಮೆಟ್ಟಿಲು, ಕಂಬ, ಕೊನೆಗೆ ನಾಯಿ ನೀರು ಕುಡಿಯುವ ತೊಟ್ಟಿಯೂ ಅಮೃತಶಿಲೆಯೇ. ಮರಳಲ್ಲಿ ಗುಲಾಬಿ ಬರುವುದಿಲ್ಲ ಅಂತ ತೋಟಕ್ಕೆ ಮಣ್ಣನ್ನೂ ಹಡಗಿನಲ್ಲೇ ತರಿಸಿದ. ಬಚ್ಚಲುಮನೆಯ ತೊಟ್ಟಿಗೆ ಮೂರು ನಲ್ಲಿ: ತಣ್ಣೀರಿಗೊಂದು, ಬಿಸಿನೀರಿಗೊಂದು, ಸಮುದ್ರದ ನೀರಿಗೊಂದು. ಎದುರಿಗೇ ಅಷ್ಟು ದೊಡ್ಡ ಸಮುದ್ರ ಬಿದ್ದಿದೆ, ಇಳಿದು ಹೋಗಲು ಪುಣ್ಯಾತ್ಮನಿಗೆ ಕಾಲು ಸವೆಯುತ್ತಿತ್ತೇನೋ! ಊಟದ ಹಜಾರದಲ್ಲಿ ಒಂದು ಗೋಡೆಗೆ ಸಾಲು ಕಿಟಕಿ, ಮಿಕ್ಕ ಗೋಡೆಗಳಿಗೆಲ್ಲ ಕನ್ನಡಿ. ಸಮುದ್ರಕ್ಕೆ ಬೆನ್ನು ಹಾಕಿ ಕೂತವರಿಗೂ ಸಮುದ್ರ ಕಾಣಬೇಕಂತೆ.

ಮೊದಲ ದಿನ ನಾನೂ ಬಾಯಿ ಬಿಟ್ಟುಕೊಂಡು ನೋಡಿದೆ, ಸುಳ್ಳು ಹೇಳುವುದಿಲ್ಲ. ಆಮೇಲೆ ಗೋಡೆಯೊಳಗಿನ ದಾರಿ ನೋಡಿದೆ. ಆಳುಗಳು ಯಜಮಾನರ ಕಣ್ಣಿಗೆ ಬೀಳದೆ ಓಡಾಡಲಿ ಅಂತ ಎರಡು ಗೋಡೆಗಳ ನಡುವೆ ಒಂದು ಸಂದಿ ಬಿಟ್ಟಿದ್ದಾರೆ, ಮೈ ಅಡ್ಡ ಮಾಡಿಕೊಂಡು ನಡೆಯಬೇಕು. ಒಳಗೆ ಹಳೆ ಎಣ್ಣೆ, ಬೆವರು, ಇಲಿ ಹಿಕ್ಕೆ ಎಲ್ಲ ಸೇರಿ ಗಬ್ಬು ನಾರುತ್ತದೆ. ಹೊರಗೆ ಕಾಲಿಟ್ಟರೆ ಗುಲಾಬಿ ಘಮ. ಇದನ್ನು ನಾನು ‘ರಹಸ್ಯ ದಾರಿ’ ಅಂತ ತೋರಿಸಬೇಕು. ಜನ ಒಳಗೆ ನುಗ್ಗಿ ಕಿಲಕಿಲ ನಗುತ್ತಾ ಆಚೆ ಬರುತ್ತಾರೆ. ಥೂ!

ಆದರೆ ಒಂದು ಖುಷಿಯ ಸುದ್ದಿ. ಅಮ್ಮನ ಹೂದಾನಿ ಇನ್ನೂ ಇದೆ ಕಣೆ! ಬಿಳಿ ಬಟ್ಟೆ ಹಾಕಿಕೊಂಡು, ಎರಡು ಕಿಟಕಿಗಳ ನಡುವೆ ನಿಂತು ಹೂದಾನಿ ಹಿಡಿದುಕೊಳ್ಳುತ್ತಿದ್ದೆ, ಅಷ್ಟೇ ನನ್ನ ಕೆಲಸ, ಅಂತ ಮಲಗಿಸುವಾಗ ಹೇಳುತ್ತಿದ್ದಳಲ್ಲ. ಕಿಟಕಿಗಳ ನಡುವೆ ಆಳೆತ್ತರದ ಗೂಡುಗಳು ನಿಜಕ್ಕೂ ಇವೆ. ಹೂದಾನಿ ಈಗ ದೊಡ್ಡ ಮೇಜಿನ ನಡುವೆ ಕೂತಿದೆ. ಹಿತ್ತಾಳೆಯದು, ಸಣ್ಣ ಸೊಂಟ, ತಟ್ಟೆಯಷ್ಟು ಅಗಲ ಬಾಯಿ, ನಡುವೆ ಒಂದು ತೂತು, ಅಂಚಿಗೆ ಬೆಳ್ಳಿ. ತೂತಿಗೆ ಒಂದು ಹಿಡಿ ಗುಲಾಬಿ ಸಿಕ್ಕಿಸಿದ್ದಾರೆ.

ತಡೆಯಲಾರದೆ ಮ್ಯಾನೇಜರ್ ಹತ್ತಿರ ಅಮ್ಮನ ವಿಷಯ ಜಂಬ ಕೊಚ್ಚಿಕೊಂಡೆ. ಅವರು ಓಡಿಹೋಗಿ ಯಜಮಾನರಿಗೆ ಹೇಳಿದರು. ಈಗಿನ ಯಜಮಾನ ಕಟ್ಟಿಸಿದವನ ಮರಿಮೊಮ್ಮಗ, ಎಲ್ಲರೂ ಚಿಕ್ಕ ಯಜಮಾನರು ಅನ್ನುತ್ತಾರೆ. ಮಾರ್ಚ್ 12ಕ್ಕೆ ಬಂಗಲೆಗೆ ನೂರು ವರ್ಷ, ದೊಡ್ಡ ಸಮಾರಂಭ. ಅಮ್ಮ ಬಂದು ಅದೇ ಗೂಡಿನಲ್ಲಿ ಅದೇ ಹೂದಾನಿ ಹಿಡಿದು ಅತಿಥಿಗಳನ್ನು ಸ್ವಾಗತಿಸಬೇಕಂತೆ. ಬರುತ್ತಾಳಾ ಕೇಳು.

ಸಿಡುಕಿ


ಜನವರಿ 17

ಸಿಡುಕಿ,

ಪತ್ರ ಬಂತು. ಅಮ್ಮನ ಕಣ್ಣು ಈಗ ಅಕ್ಷರ ಹಿಡಿಯುವುದಿಲ್ಲ, ಎಂದಿನ ಹಾಗೆ ನಾನೇ ಗಟ್ಟಿಯಾಗಿ ಓದಿದೆ. ನಿಮ್ಮ ಭಾವ ಇದ್ದರು, ನನ್ನ ಜೊತೆ ಹೊಲಿಯುವ ಇಬ್ಬರು ಹೆಂಗಸರಿದ್ದರು, ಅಳತೆ ಕೊಡಲು ಬಂದ ಎದುರುಮನೆ ಟೀಚರೂ ಇದ್ದರು. ನಾನು ಓದುವುದು ನಿನಗೆ ಗೊತ್ತಲ್ಲ, ಮೇಲಿನ ತಾರೀಖಿನಿಂದ ಕೆಳಗಿನ ಸಹಿಯವರೆಗೆ ಒಂದೇ ಓಟ. ಎಲ್ಲರೂ ಮೆಷಿನ್ ನಿಲ್ಲಿಸಿ ಕೇಳಿದರು. ಮೂರು ನಲ್ಲಿ ಅಂದಾಗ ಟೀಚರು, “ನಮ್ಮನೇಲಿ ಇರೋ ಒಂದರಲ್ಲೇ ನೀರು ಬರಲ್ಲ” ಅಂದರು.

ಆಮೇಲೆ ಅಮ್ಮ ಕೇಳಿದಳು: “ಅದು ಇನ್ನೂ ಇದೆಯಂತಾ?”

“ಯಾವುದಮ್ಮ?”

“ಅದೇ, ಹೂವಿಂದು.”

“ಇದೆಯಂತೆ. ಗುಲಾಬಿ ಇಟ್ಟಿದಾರಂತೆ.”

“ಗುಲಾಬಿನಾ? ಅದರಲ್ಲಾ?” ಅಂದವಳೇ ನಗತೊಡಗಿದಳು. ಅಮ್ಮ ಹಾಗೆ ನಕ್ಕಿದ್ದು ನಾನು ಕಂಡೇ ಇಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕಳು, ಕಣ್ಣಲ್ಲಿ ನೀರು ಇಳಿಯಿತು. ಪಾಪ, ಸಂತೋಷ ತಡೆಯಲಾಗಲಿಲ್ಲ.

ಅವಳನ್ನು ನೋಡಿ ನಿಮ್ಮ ಭಾವನಿಗೂ ನಗು ಬಂದು, ಚಹಾ ನೆತ್ತಿಗೇರಿ ಕೆಮ್ಮತೊಡಗಿದರು. ತಕ್ಷಣ ಅಮ್ಮನ ಎರಡು ಕೈ ಬೊಗಸೆಯಾಗಿ ಅವರ ಗದ್ದದ ಕೆಳಗೆ ಹಾಜರು! ಈ ಅಭ್ಯಾಸ ಇನ್ನೂ ಬಿಟ್ಟಿಲ್ಲ ಕಣೆ. ನಮಗೆ ನಾಯಿಕೆಮ್ಮು ಬಂದಾಗ ಆ ಬೊಗಸೆಯಲ್ಲೇ ಅಲ್ಲವೇ ನಾವು ಉಗಿದದ್ದು. ಟೀಚರು ನೋಡಿ, “ಎಂಥಾ ತಾಯಿ ಕಣ್ರೀ, ಅಳಿಯನಿಗೂ ಕೈ ಒಡ್ತಾರಲ್ಲ” ಅಂದರು. ನನ್ನ ಎದೆ ಉಬ್ಬಿತು.

ಅಮ್ಮ ಬರುತ್ತಾಳೆ. ಅವಳು ಹೂಂ ಅಂದಿಲ್ಲ, ಆದರೆ ಊಹೂಂ ಅಂತಲೂ ಅಂದಿಲ್ಲ. ಬಿಳಿ ಬಟ್ಟೆ ಕತ್ತರಿಸಿ ಆಯಿತು, ತೋಳು ಉದ್ದ ಇಡುತ್ತಿದ್ದೇನೆ. ಬೀದಿಗೆಲ್ಲ ಹೇಳಿದ್ದೂ ಆಯಿತು. ದರ್ಜಿಯವರ ಮನೆ ಅಂತ ಮೂಗು ಮುರಿಯುತ್ತಿದ್ದವರು ಈಗ ತಾವೇ ನಿಂತು ಮಾತಾಡಿಸುತ್ತಾರೆ. ನಮ್ಮಮ್ಮ ಅರಮನೆಯಂಥ ಮನೆಯಲ್ಲಿ ಹೂ ಹಿಡಿದು ನಿಂತವಳು, ಏನಂದುಕೊಂಡಿದ್ದಾರೆ!

ಅಕ್ಕ


ಫೆಬ್ರವರಿ 2

ಅಕ್ಕಾ,

ಅಮ್ಮನನ್ನು ಕಳಿಸಬೇಡ. ಇಲ್ಲಿ ಉಪ್ಪುಗಾಳಿ, ಅವಳ ಎದೆಗೆ ಒಗ್ಗುವುದಿಲ್ಲ. ಮೆಟ್ಟಿಲೂ ಜಾಸ್ತಿ. ಅಷ್ಟು ದೂರ ಬಸ್ಸಿನಲ್ಲಿ ಅವಳ ಸೊಂಟ ಏನಾಗಬೇಕು? ಸಮಾರಂಭವೂ ಅಂಥ ದೊಡ್ಡದೇನಲ್ಲವಂತೆ. ಬೇರೆ ಯಾರನ್ನಾದರೂ ನಿಲ್ಲಿಸಿಕೊಳ್ಳಿ ಅಂತ ಮ್ಯಾನೇಜರಿಗೆ ಹೇಳಿದ್ದೇನೆ.

ನನಗೆ ಇಲ್ಲಿ ಊಟ ಸೇರುತ್ತಿಲ್ಲ. ಆ ಗುಲಾಬಿ ವಾಸನೆ ಬಂದರೆ ಹೊಟ್ಟೆ ತೊಳಸುತ್ತದೆ. ಕೆಲಸ ಬಹಳ. ಆಮೇಲೆ ಬರೆಯುತ್ತೇನೆ.

ಸಿ.


ಫೆಬ್ರವರಿ 9

ಏನಮ್ಮಾ ದೊಡ್ಡ ಮನುಷ್ಯಳೇ,

ಸಮಾರಂಭ ದೊಡ್ಡದಲ್ಲವಂತೆ! ನಿನ್ನ ಪತ್ರದ ಬೆನ್ನಿಗೇ ಬಂಗಲೆಯಿಂದ ಆಮಂತ್ರಣ ಬಂದಿದೆ, ಚಿನ್ನದ ಅಂಚಿನದು. ಅದರಲ್ಲಿ ಅಮ್ಮನ ವಿಷಯವೂ ಅಚ್ಚಾಗಿದೆ, ‘ಬಂಗಲೆಯ ಹಳೆಯ ಹೂದಾನಿಯವರಿಂದ ಸ್ವಾಗತ’ ಅಂತ. ಬಸ್ಸಿನ ಟಿಕೆಟೂ ಜೊತೆಗಿದೆ. ಯಾರ ಕಿವಿಗೆ ಹೂ ಇಡುತ್ತಿದ್ದೀಯ?

ನನಗೆ ಅರ್ಥವಾಗುವುದಿಲ್ಲ ಅಂದುಕೊಂಡೆಯಾ? ದರ್ಜಿ ಮನೆಯ ಮುದುಕಿ ಬಂದು ನಿನ್ನ ಶ್ರೀಮಂತ ಅತಿಥಿಗಳ ಎದುರು ನಿಂತರೆ ನಿನಗೆ ನಾಚಿಕೆ. ಮೊದಲ ಪತ್ರದಲ್ಲಿ ಅಮ್ಮನ ಹೂದಾನಿ ಅಂತ ಕುಣಿದವಳು ಒಂದು ತಿಂಗಳಾಗುವಷ್ಟರಲ್ಲಿ ಹೀಗೆ ಬದಲಾಗುತ್ತೀಯ ಅಂದರೆ ಏನು ಹೇಳಲಿ. ಅಲ್ಲಿನ ಅಮೃತಶಿಲೆ ನಿನ್ನ ತಲೆಗೂ ಏರಿದೆ. ಉಪ್ಪುಗಾಳಿಯಂತೆ, ಸೊಂಟವಂತೆ! ಅಮ್ಮನ ಸೊಂಟದ ಚಿಂತೆ ನಿನಗೆ ಇಷ್ಟು ವರ್ಷದಲ್ಲಿ ಯಾವತ್ತು ಬಂದಿತ್ತು? ಅವಳಿಗೆ ಎಣ್ಣೆ ಹಚ್ಚುವವಳು ನಾನು.

ನಿನ್ನ ಪತ್ರ ಓದಿ ಹೇಳಿದಾಗ ಅಮ್ಮ, “ಸಿಡುಕಿ ಸುಮ್ಸುಮ್ನೆ ಬೇಡ ಅನ್ನೋಳಲ್ಲ” ಅಂದು ಮಗ್ಗುಲು ಬದಲಿಸಿ ಮಲಗಿದಳು. ನೊಂದುಕೊಂಡಿದ್ದಾಳೆ.

ನಿಜವಾದ ಕಾರಣ ಬರಿ. ಇಲ್ಲವಾದರೆ ನಾನು ಅಮ್ಮನನ್ನು ಬಸ್ಸು ಹತ್ತಿಸಿಯೇ ಹತ್ತಿಸುತ್ತೇನೆ.

ಅಕ್ಕ


ಫೆಬ್ರವರಿ 15

ಅಕ್ಕಾ,

ಬೈದೆಯಲ್ಲ, ಇರಲಿ. ಕಾರಣ ಬೇಕು ಅಂದೆ, ತಗೋ.

ಕಳೆದ ತಿಂಗಳ ಕೊನೆಗೆ ಒಬ್ಬರು ವಯಸ್ಸಾದ ಅತಿಥಿ ಬಂದಿದ್ದರು. ಬೆಳ್ಳಿ ಹಿಡಿಯ ಊರುಗೋಲು, ಮೈತುಂಬ ಅತ್ತರು. ಚಿಕ್ಕಂದಿನಲ್ಲಿ ಈ ಬಂಗಲೆಗೆ ರಜಕ್ಕೆ ಬರುತ್ತಿದ್ದರಂತೆ, ಹಳೆ ಯಜಮಾನರಿಗೆ ನೆಂಟರು. ಊಟದ ಹಜಾರಕ್ಕೆ ಬಂದು ನಾನು ಎಂದಿನ ಹಾಗೆ ಹೂದಾನಿಯ ವರ್ಣನೆ ಶುರು ಮಾಡಿದೆ. ಅವರು ಅದನ್ನು ನೋಡಿದವರೇ ಗಹಗಹಿಸಿ ನಕ್ಕರು.

“ಏನಮ್ಮಾ, ಪೀಕದಾನಿಗೆ ಗುಲಾಬಿ ಇಟ್ಟಿದೀರಲ್ಲ!”

ನನಗೆ ಅರ್ಥವಾಗಲಿಲ್ಲ. ಅವರೇ ಬಿಡಿಸಿ ಹೇಳಿದರು, ಭಾರೀ ಉತ್ಸಾಹದಿಂದ. ಊಟವಾದ ಮೇಲೆ ಗಂಡಸರು ಹೊಗೆಸೊಪ್ಪು ಜಗಿಯುತ್ತ ಕೂರುತ್ತಿದ್ದರಂತೆ. ಉಗಿಯಲು ಎದ್ದು ಹೋಗುವುದು ದೊಡ್ಡವರಿಗೆ ಶೋಭೆಯಲ್ಲ. ಆದ್ದರಿಂದ ಕಿಟಕಿಗಳ ನಡುವಿನ ಗೂಡಿನಲ್ಲಿ ಒಬ್ಬ ಹುಡುಗಿ. ಅವಳ ಕೈಯಲ್ಲಿ ಅದು.

“ನಾವು ತಿರುಗಿ ನೋಡ್ತಾನೇ ಇರ್ಲಿಲ್ಲ. ಕೆಮ್ಮಿದ್ರೆ ಸಾಕು, ಗೋಡೆಯಿಂದ ಎರಡು ಕೈ ಬಂದು ಗದ್ದದ ಕೆಳಗೆ ನಿಂತ್ಕೊಳ್ಳೋದು. ಎಂಥಾ ಅಚ್ಚುಕಟ್ಟು ಅಂತೀಯ! ನಾವು ಮಕ್ಕಳು ಬೇಕೂಂತ್ಲೇ ಗುರಿ ತಪ್ಪಿಸಿ ಅವಳ ಕೈಮೇಲೆ ಉಗೀತಿದ್ವಿ. ಆದ್ರೂ ಆ ಹುಡುಗಿ ಅಲ್ಲಾಡ್ತಿರ್ಲಿಲ್ಲ.”

ಕೆಮ್ಮಿದರೆ ಸಾಕು ಅಂದರಲ್ಲ, ಅಕ್ಕಾ, ಆ ಮಾತಿಗೆ ನಮ್ಮ ಮನೆ, ನಮ್ಮ ನಾಯಿಕೆಮ್ಮು, ಅಮ್ಮನ ಬೊಗಸೆ ಎಲ್ಲ ಒಟ್ಟಿಗೆ ಕಣ್ಣೆದುರು ಬಂತು. ಆ ಮನುಷ್ಯ ಇನ್ನೂ ನಗುತ್ತಲೇ ಇದ್ದ. ಅವನ ಚಿನ್ನದ ಹಲ್ಲು ನೋಡುತ್ತ ನಿಂತೆ. ಆಮೇಲೆ ಹಿಂದಿನ ಬಾಗಿಲಿಂದ ಓಡಿ ಹೋಗಿ ಗುಲಾಬಿ ತೋಟದಲ್ಲೇ ವಾಂತಿ ಮಾಡಿದೆ. ಹಡಗಿನಲ್ಲಿ ತರಿಸಿದ ಮಣ್ಣಿಗೆ!

ಮ್ಯಾನೇಜರನ್ನು ಕೇಳಿದೆ. ಅವರಿಗೆ ಮೊದಲಿಂದಲೂ ಗೊತ್ತು.

“ನಿಜ ಹೇಳಿದ್ರೆ ಅದರ ಪಕ್ಕ ಕೂತು ಯಾರು ಊಟ ಮಾಡ್ತಾರೆ? ಹೂದಾನಿ ಅಂದ್ರೆ ಯಾರಿಗೇನು ನಷ್ಟ? ನಿಮ್ಮ ತಾಯಿಗೂ ಮರ್ಯಾದೆ ಅಲ್ವಾ?”

ಮರ್ಯಾದೆಯಂತೆ! ಅಮ್ಮನಿಗೆ ಬರಲಾಗುವುದಿಲ್ಲ ಅಂದೆ. ಆಮಂತ್ರಣ ಅಚ್ಚಾಗಿದೆ, ನೀವು ಬೇಡವೆಂದರೂ ನಿಮ್ಮ ಅಕ್ಕನಿಗೆ ಕಳಿಸುತ್ತೇವೆ ಅಂದರು. ಈಗ ದಿನಾ ಜನರನ್ನು ಕರೆದುಕೊಂಡು ಹೋಗಿ ಆ ಗೂಡು ತೋರಿಸುತ್ತೇನೆ. ಇಲ್ಲಿ ಶಿಲ್ಪಗಳಿದ್ದವು ಅಂತ ಹೇಳಬೇಕು. ಗೂಡಿನ ಗೋಡೆಯಲ್ಲಿ ಹೆಗಲೆತ್ತರಕ್ಕೆ ಸುಣ್ಣ ಸವೆದು ಜಿಡ್ಡುಗಪ್ಪಾಗಿದೆ, ಎಷ್ಟು ಬಳಿದರೂ ಮತ್ತೆ ಕಾಣುತ್ತದೆ. ಶಿಲ್ಪಗಳು ಬೆನ್ನು ಒರಗಿಸುತ್ತವೆಯೇ? ಈ ಮನೆಯ ಅಮೃತಶಿಲೆ ಕಂಡರೂ ಅಸಹ್ಯ, ಕನ್ನಡಿ ಕಂಡರೂ ಅಸಹ್ಯ. ಅಬ್ಬಬ್ಬಾ ಅನ್ನುವವರ ಬಾಯಿ ಕಂಡರೆ ಇನ್ನೂ ಅಸಹ್ಯ.

ನಮಗೆ ಹೂದಾನಿ ಅಂತ ಹೇಳಿದಳಲ್ಲ, ಅದು ಅವಳು ತನಗಾಗಿ ಕಟ್ಟಿಕೊಂಡ ಒಂದು ಮರೆ. ಅದನ್ನು ಕಿತ್ತು ಹಾಕುವ ಹಕ್ಕು ನಮಗಿಲ್ಲ. ನೂರಾರು ಜನರ ಎದುರು ಅದನ್ನು ಮತ್ತೆ ಅವಳ ಕೈಗೆ ಕೊಡುವುದನ್ನಂತೂ ನನ್ನಿಂದ ನೋಡಲಾಗುವುದಿಲ್ಲ. ಏನಾದರೂ ನೆಪ ಹೇಳಿ ತಪ್ಪಿಸು. ನಾನು ಕೆಟ್ಟವಳು, ನಾಚಿಕೆಗೇಡಿ ಅಂತಲೇ ಅವಳಿಗೆ ಹೇಳು, ಪರವಾಗಿಲ್ಲ.

ನಿನ್ನ ಕಾಲಿಗೆ ಬೀಳುತ್ತೇನೆ, ಈ ಪತ್ರವನ್ನು ಅಮ್ಮನಿಗೆ ಓದಬೇಡ. ಒಲೆಗೆ ಹಾಕು.

ಸಿಡುಕಿ


ಫೆಬ್ರವರಿ 22

ಸಿಡುಕಿ,

ಇಂಥ ಮಾತನ್ನು ಮೊದಲ ಸಾಲಿನಲ್ಲಿ ಬರೆಯಬೇಕು ಕಣೆ ಕತ್ತೆ! ಕೊನೆಯ ಸಾಲಿನಲ್ಲಿ ಬರೆಯುತ್ತಾರಾ?

ಓದಿಬಿಟ್ಟೆ. ಎಲ್ಲರ ಎದುರಿಗೇ. ನಿನ್ನ ಸುಳ್ಳು ಕಾರಣ ಎಲ್ಲರೂ ಕೇಳಲಿ ಅಂತ ಟೀಚರನ್ನೂ ಕರೆಸಿದ್ದೆ, ನಿನ್ನ ಮಾನ ಕಳೆಯಲೆಂದೇ ಗಂಟಲು ಏರಿಸಿ ಓದಿದೆ. ಪೀಕದಾನಿ ಅನ್ನುವಾಗ ಒಂದು ಸಲ ನಾಲಿಗೆ ತಡವರಿಸಿತು. ಆದರೂ ನಿಲ್ಲಿಸಲಾಗಲಿಲ್ಲ. ಮೆಟ್ಟಿಲಲ್ಲಿ ಜಾರಿದವರು ನಡುವೆ ನಿಲ್ಲುತ್ತಾರೆಯೇ? ಉರುಳಿಕೊಂಡು ಹೋಗಿ ‘ಅಮ್ಮನಿಗೆ ಓದಬೇಡ’ ಅನ್ನುವುದನ್ನೂ ಗಟ್ಟಿಯಾಗಿ ಓದಿಯೇ ನಿಂತೆ.

ನಿಮ್ಮ ಭಾವ ಎದ್ದು ಹೊರಗೆ ಹೋದರು. ಟೀಚರು ತಮ್ಮ ಚೀಲದಲ್ಲಿ ಏನೋ ಹುಡುಕುವವರ ಹಾಗೆ ತಲೆ ಬಗ್ಗಿಸಿ ಕೂತರು.

ಅಮ್ಮ ಅಂದಳು, “ಓದಿ ಆಯ್ತಲ್ಲ. ಮಡಚಿಡು.”

ಎಲ್ಲರೂ ಹೋದ ಮೇಲೆ ನಾನು ಅವಳ ಪಕ್ಕ ಕೂತು ಅತ್ತೆ. ಅವಳು ಅಳಲಿಲ್ಲ. ಗುಂಡಿ ಡಬ್ಬಿಯಲ್ಲಿ ಬಿಳಿ ಗುಂಡಿ ಆರಿಸುತ್ತ ಮಾತಾಡಿದಳು. ಅವಳ ಮಾತನ್ನು ಆದಷ್ಟೂ ಹಾಗೆಯೇ ಬರೆಯುತ್ತೇನೆ.

“ಏನು ಹೇಳ್ಬೇಕಿತ್ತು ನಿಮಗೆ? ಮಲಗೋ ಹೊತ್ತಲ್ಲಿ ಮಕ್ಕಳಿಗೆ ಹೇಳೋ ಕಥೆನಾ ಅದು? ‘ಅಮ್ಮಾ, ಅಲ್ಲಿ ಏನು ಹಿಡ್ಕೊಂಡಿರ್ತಿದ್ದೆ’ ಅಂತ ಸಿಡುಕಿ ಕೇಳಿದ್ಲು. ಹೂವು ಅಂತ ಬಾಯಿಗೆ ಬಂತು. ಯಾವ ಹೂವು ಅಂದೆ ನೀನು. ಗುಲಾಬಿ ಅಂದೆ ನಾನು. ಅಷ್ಟೇ. ಆಮೇಲೆ ದಿನಾ ಅದನ್ನೇ ಕೇಳ್ತಿದ್ರಿ, ದಿನಾ ಅದನ್ನೇ ಹೇಳ್ತಿದ್ದೆ.”

ನಾನು ಕೇಳಬಾರದಿತ್ತು, ಆದರೂ ಕೇಳಿದೆ. “ಅಮ್ಮ, ಅದು ಕೈಯಲ್ಲಿರ್ತಿತ್ತಲ್ಲ, ಮತ್ತೆ ಬರೀ ಬೊಗಸೆ ಯಾಕೆ ಬರುತ್ತೆ?”

“ಅದು ತುಂಬಿದಾಗ ತೊಳೆಯೋಕೆ ಒಳಗೆ ಕೊಡಬೇಕು. ಅಷ್ಟರಲ್ಲಿ ಇನ್ನೊಬ್ಬರು ಕೆಮ್ಮೋರು. ಅವರೇನು ನೋಡ್ತಾರಾ ಅದು ಇದೆಯೋ ಇಲ್ವೋ ಅಂತ? ಕಾರ್ಪೆಟ್ ಮೇಲೆ ಬಿದ್ರೆ ನನಗೆ ಏಟು. ಆಗ ಕೈಯೇ.”

ಸಿಡುಕಿ, ನೀನು ತೋಟಕ್ಕೆ ಓಡಿದೆ, ನಾನು ಬಚ್ಚಲಿಗೆ ಓಡಿದೆ. ಟೀಚರ ಎದುರು ನನ್ನ ಎದೆ ಉಬ್ಬಿತ್ತಲ್ಲ, ಅದನ್ನು ನೆನೆದರೆ ನನ್ನ ಮೇಲೆ ನನಗೇ ಹೇಸಿಗೆ.

ವಾಪಸು ಬಂದಾಗ ಅವಳಿಗೆ ಬೇಕಾದ ಗುಂಡಿ ಸಿಕ್ಕಿತ್ತು. “ಈ ತೋಳಿಗೆ ಇದನ್ನ ಹಾಕು. ನಾನು ಹೋಗ್ತೀನಿ” ಅಂದಳು.

“ಬೇಡಮ್ಮ, ನೀನೇನೂ ಹೋಗ್ಬೇಡ.”

“ಅವತ್ತು ಗುಲಾಬಿ ಅಂದಾಗ ಯಾಕೆ ನಕ್ಕೆ ಗೊತ್ತಾ? ನಾನು ಹೇಳಿದ ಸುಳ್ಳನ್ನೇ ಅವರೂ ಹೇಳ್ತಿದಾರೆ. ನಾನು ಹೇಳಿದ್ದು ನನ್ನ ಮಕ್ಕಳು ನಿದ್ದೆ ಮಾಡಲಿ ಅಂತ. ಅವರು ಯಾರು ನಿದ್ದೆ ಮಾಡಲಿ ಅಂತ ಹೇಳ್ತಿದಾರೆ? ನನ್ನ ಸುಳ್ಳು ಅವರಿಗ್ಯಾಕೆ? ವಾಪಸ್ ತಗೊಂಡು ಬರ್ತೀನಿ.”

ನಾನೂ ಜೊತೆಗೆ ಬರುತ್ತೇನೆ ಅಂದೆ. “ನೀನು ಅಳ್ತೀಯ, ಸಿಡುಕಿ ಸಾಕು” ಅಂದಳು. ಮದುವೆ ಮನೆಗಳ ಹೊಲಿಗೆಯೂ ಗುಡ್ಡೆ ಬಿದ್ದಿದೆ. ಹನ್ನೊಂದಕ್ಕೆ ಬೆಳಗಿನ ಬಸ್ಸಿಗೆ ಹತ್ತಿಸುತ್ತೇನೆ. ಅಲ್ಲಿ ಏನು ಮಾಡುತ್ತಾಳೋ ನನಗೆ ಗೊತ್ತಿಲ್ಲ, ಕೇಳಿದರೆ ಹೇಳುವುದಿಲ್ಲ. ಅವಳ ಪಕ್ಕ ಬಿಟ್ಟು ಕದಲಬೇಡ.

ಹೋದ ಪತ್ರದಲ್ಲಿ ನಿನಗೆ ಬಾಯಿಗೆ ಬಂದದ್ದು ಅಂದೆ. ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಅಕ್ಕ


ಮಾರ್ಚ್ 14

ಅಕ್ಕಾ,

ಅಮ್ಮ ನನ್ನ ರೂಮಿನಲ್ಲಿ ಗೊರಕೆ ಹೊಡೆಯುತ್ತಿದ್ದಾಳೆ. ನನಗೆ ಕೆಲಸ ಇಲ್ಲ. ಎರಡೂ ಒಳ್ಳೆಯ ಸುದ್ದಿಯೇ. ಪೂರ್ತಿ ಕೇಳು.

ಮೊನ್ನೆ ಹನ್ನೆರಡಕ್ಕೆ, ಬೆಳಿಗ್ಗೆ ಜನ ಬರುವ ಮೊದಲು ಅಮ್ಮನನ್ನು ಒಳಗೆ ಕರೆದುಕೊಂಡು ಹೋದೆ. ಗೋಡೆಯೊಳಗಿನ ಸಂದಿಯ ಮುಂದೆ ಮೂಗು ಮುಚ್ಚಿಕೊಂಡು, “ಅದೇ ನಾತ” ಅಂದಳು. ಊಟದ ಹಜಾರದಲ್ಲಿ ಕನ್ನಡಿಗಳನ್ನು ನೋಡುತ್ತ ನಿಂತಳು. ಇದು ಎಲ್ಲರಿಗೂ ಸಮುದ್ರ ಕಾಣಲಿ ಅಂತ ಹಾಕಿಸಿದ್ದು ಅಂದೆ, ಬಾಯಿಪಾಠ ತಾನಾಗಿ ಹೊರಗೆ ಬಂತು.

“ಅವರಿಗೆ ಸಮುದ್ರ ಕಾಣ್ತಿತ್ತೋ ಏನೋ. ನನಗೆ ನಾನೇ ಕಾಣ್ತಿದ್ದೆ. ಯಾವ ಕಡೆ ಕಣ್ಣು ತಿರುಗಿಸಿದ್ರೂ ನಾನೇ ಅದನ್ನ ಹಿಡ್ಕೊಂಡು ನಿಂತಿರೋಳು.”

ನನಗೆ ಅವಳನ್ನು ಎತ್ತಿಕೊಂಡು ಓಡಿಬಿಡೋಣ ಅನ್ನಿಸಿತು. ಅವಳು ಅಲ್ಲಾಡಲಿಲ್ಲ.

ಸಂಜೆ ಹಜಾರ ತುಂಬಿತು. ರೇಷ್ಮೆ, ಅತ್ತರು, ಬೆಳ್ಳಿ ತಟ್ಟೆಗಳು. ನೀನು ಹೊಲಿದ ಬಟ್ಟೆಯಲ್ಲಿ ಅಮ್ಮ ಎಷ್ಟು ಲಕ್ಷಣವಾಗಿ ಕಾಣುತ್ತಿದ್ದಳೆಂದರೆ ಇಬ್ಬರು ಹೆಂಗಸರು ದರ್ಜಿ ಯಾರು ಅಂತ ಕೇಳಿದರು. ಮ್ಯಾನೇಜರ್ ಅವಳನ್ನು ಗೂಡಿನಲ್ಲಿ ನಿಲ್ಲಿಸಿ, ಗುಲಾಬಿ ಸಮೇತ ಅದನ್ನು ಕೈಗಿಟ್ಟರು. ಅವಳ ಬೆನ್ನು ಆ ಕಪ್ಪು ಕಲೆಯ ಮೇಲೆ ಸರಿಯಾಗಿ ಹೋಗಿ ಕೂತಿತು. ಹಲ್ಲು ಕಚ್ಚಿಕೊಂಡು ಪಕ್ಕದಲ್ಲೇ ನಿಂತೆ.

ಚಿಕ್ಕ ಯಜಮಾನ ಭಾಷಣ ಮಾಡಿದ. ಒಳ್ಳೆ ಬೆಣ್ಣೆಯಂಥ ಮಾತು. ಈ ಮನೆಯಲ್ಲಿ ಆಳು ಅರಸು ಅಂತ ಭೇದವೇ ಇರಲಿಲ್ಲವಂತೆ, ಎಲ್ಲ ಒಂದೇ ಕುಟುಂಬವಂತೆ. ಈ ಅಜ್ಜಿ ನಮ್ಮ ತಾತನ ಕಾಲದಲ್ಲಿ ಇದೇ ಜಾಗದಲ್ಲಿ ಹೂ ಹಿಡಿದು ನಿಲ್ಲುತ್ತಿದ್ದರು ಅಂದ. ಎಲ್ಲರೂ ಚಪ್ಪಾಳೆ ಹೊಡೆದರು. ಊರುಗೋಲಿನ ಆ ಮನುಷ್ಯನೂ ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ಹೊಡೆಯುತ್ತಿದ್ದ. ಫೋಟೋ ತೆಗೆಸಿಕೊಳ್ಳಲು ಯಜಮಾನ, ಅವನ ಹೆಂಡತಿ ಅಮ್ಮನ ಪಕ್ಕಕ್ಕೆ ಬಂದರು.

ಅಷ್ಟರಲ್ಲಿ ಅಮ್ಮನಿಗೆ ಕೆಮ್ಮು ಬಂತು. ನಾಟಕ ಅಲ್ಲ. ಉಪ್ಪುಗಾಳಿ ಅವಳಿಗೆ ಒಗ್ಗುವುದಿಲ್ಲ ಅಂತ ನೆಪಕ್ಕೆ ಬರೆದಿದ್ದೆ, ನಿಜಕ್ಕೂ ಒಗ್ಗಲಿಲ್ಲ. ಅವಳು ಗುಲಾಬಿಗಳನ್ನು ಒಟ್ಟಿಗೆ ಎಳೆದು ಯಜಮಾನನ ಹೆಂಡತಿಯ ಕೈಗೆ ಕೊಟ್ಟಳು. ಹಿತ್ತಾಳೆಯದನ್ನು ಅವನ ಮುಂದೆ ಚಾಚಿದಳು.

“ಸ್ವಲ್ಪ ಹಿಡ್ಕೊಳ್ಳಪ್ಪ.”

ಅವನು ಸಂಭಾವಿತ, ಎರಡೂ ಕೈಯಲ್ಲಿ ಹಿಡಿದುಕೊಂಡ. ಕ್ಯಾಮೆರಾದ ಕಡೆ ನೋಡಿ ನಗುತ್ತಲೇ ಇದ್ದ. ಅಮ್ಮ ಬಗ್ಗಿದಳು. ಗಂಟಲು ಸರಿಮಾಡಿಕೊಂಡು ಅದರೊಳಗೆ ಉಗಿದಳು. ಅವಸರವಿಲ್ಲದೆ, ಎರಡು ಸಲ. ಆಮೇಲೆ ನೀನು ಹೊಲಿದ ತೋಳಿನಲ್ಲಿ ಬಾಯಿ ಒರೆಸಿಕೊಂಡಳು, ಬೇಜಾರು ಮಾಡಿಕೊಳ್ಳಬೇಡ.

ಅಮ್ಮ ಜಗಳದ ದನಿಯಲ್ಲಿ ಮಾತಾಡಲಿಲ್ಲ, ಪಕ್ಕದ ಮನೆಯವರ ಹತ್ತಿರ ಮಾತಾಡುವ ಹಾಗೆ ಹೇಳಿದಳು.

“ಇದು ಮಾಡ್ಸಿದ್ದು ಇದಕ್ಕೇ ಕಣಪ್ಪ. ನಿಮ್ಮ ತಾತ ಉಗೀತಿದ್ರು, ನಾನು ಹಿಡೀತಿದ್ದೆ. ಹೂವು ಗೀವು ಏನಿಲ್ಲ. ನೀನು ಚೆನ್ನಾಗಿ ಹಿಡಿದೆ, ಕೈ ಅಲ್ಲಾಡ್ಲಿಲ್ಲ.”

ಆ ಹೊತ್ತಿಗೆ ಸರಿಯಾಗಿ ಫೋಟೋದವನ ಬೆಳಕು ಮಿಂಚಿತು. ಪೀಕದಾನಿ ಹಿಡಿದ ಯಜಮಾನ ಎಲ್ಲ ಕನ್ನಡಿಗಳಲ್ಲೂ ಕಂಡ. ಎಲ್ಲಿ ಇಡಬೇಕು ಅಂತಲೇ ಅವನಿಗೆ ತೋಚಲಿಲ್ಲ. ಮೇಜಿನ ಮೇಲೆ ಇಡುವ ಹಾಗಿಲ್ಲ, ಊಟ ಬಡಿಸಿದೆ. ಇನ್ನೊಬ್ಬರಿಗೆ ಕೊಡೋಣವೆಂದರೆ ಯಾರೂ ಕೈ ಚಾಚಲಿಲ್ಲ. ತಟ್ಟೆಗಳು ಒಂದೊಂದಾಗಿ ಕೆಳಗಿಳಿದವು. ಯಾರೋ ಓಕರಿಸಿದರು. ಊರುಗೋಲಿನವನು ನಗಲಿಲ್ಲ, ತನ್ನ ಬೂಟು ನೋಡಿಕೊಳ್ಳುತ್ತ ಕೂತಿದ್ದ. ಮ್ಯಾನೇಜರ್ ಬಾಯಿ ತೆರೆಯುವ ಮೊದಲೇ ನಾನು ಬ್ಯಾಡ್ಜು ಬಿಚ್ಚಿ ಅವರ ಜೇಬಿಗೆ ಹಾಕಿದೆ.

ನನಗೆ ಕುಣಿಯುವಷ್ಟು ಖುಷಿಯಾಗಬೇಕಿತ್ತು. ಆಯಿತು, ಇಲ್ಲ ಅನ್ನುವುದಿಲ್ಲ. ಆದರೆ ಆ ಹೇಸಿಗೆ ಹೋಗಲಿಲ್ಲ. ಅವರಿಗೆ ಅಸಹ್ಯವಾದದ್ದು ಅಮ್ಮ ಉಗಿದದ್ದಕ್ಕೆ. ಅಷ್ಟು ವರ್ಷ ಅವಳ ಕೈಗೆ ಉಗಿದದ್ದಕ್ಕೆ ಅಲ್ಲಿ ಒಬ್ಬರ ಮುಖವೂ ಕಿವುಚಿಕೊಳ್ಳಲಿಲ್ಲ.

ಹೊರಗೆ ಬಂದ ಮೇಲೆ ಅಮ್ಮ ನೀರಿನ ಹತ್ತಿರ ಹೋಗಬೇಕು ಅಂದಳು. ಇಲ್ಲಿ ಅಷ್ಟು ಕಾಲ ಇದ್ದರೂ ಒಂದು ದಿನವೂ ಸಮುದ್ರಕ್ಕೆ ಇಳಿದಿರಲಿಲ್ಲವಂತೆ. ಪಾದ ಮುಳುಗುವಷ್ಟು ನಿಂತಳು. ಏನಾದರೂ ಹೇಳುತ್ತಾಳೆ ಅಂತ ಕಾದೆ. “ಉಪ್ಪು. ಕಾಲು ತುರಿಸುತ್ತೆ. ನಡಿ ಹೋಗೋಣ” ಅಂದಳು.

ನಾಳಿದ್ದು ಅವಳನ್ನು ಬಸ್ಸು ಹತ್ತಿಸುತ್ತೇನೆ. ಇಲ್ಲಿ ಬಾಡಿಗೆ ತೀರುವವರೆಗೆ ಇದ್ದು ಬೇರೆ ಕೆಲಸ ನೋಡುತ್ತೇನೆ. ಒಂದು ವಿಷಯ ತಲೆ ಕೊರೆಯುತ್ತಿದೆ. ಇಲ್ಲಿ ನನಗೆ ಕೆಮ್ಮು ಬಂದರೂ ನುಂಗಿಕೊಂಡೆ, ಅವಳ ಕೈ ಏನು ಮಾಡುತ್ತದೋ ನೋಡುವ ಧೈರ್ಯ ಬರಲಿಲ್ಲ. ನೀನು ನೋಡಿ ಬರಿ.

ಸಿಡುಕಿ


ಏಪ್ರಿಲ್ 3

ಸಿಡುಕಿ,

ಮೊದಲ ಸಾಲಿನಲ್ಲೇ ಬರೆಯುತ್ತಿದ್ದೇನೆ: ಈ ಪತ್ರವನ್ನು ಅಮ್ಮನಿಗೆ ಓದಿ ಹೇಳಿಯೇ ಅಂಟಿಸುತ್ತೇನೆ. ಇನ್ನು ನಮ್ಮ ಮನೆಯಲ್ಲಿ ಕದ್ದುಮುಚ್ಚಿ ಏನೂ ಬೇಡ.

ಅಮ್ಮ ಆರಾಮಾಗಿದ್ದಾಳೆ. ಅವತ್ತು ಬಾಯಿ ಒರೆಸಿಕೊಂಡ ತೋಳಿನ ಕಲೆ ಒಗೆದರೂ ಹೋಗಿಲ್ಲ, ತೆಗೆದು ಬೇರೆ ತೋಳು ಹಾಕುತ್ತೇನೆ ಅಂದರೆ ಬಿಡುತ್ತಿಲ್ಲ. ಟೀಚರು ಬಂದು ಅವಳ ಎದುರು ಕೂತು, ಏನೂ ಮಾತಾಡದೆ, ಚಹಾ ಕುಡಿದು ಹೋದರು. ಬೀದಿಯವರು ಒಬ್ಬೊಬ್ಬರು ಒಂದೊಂದು ಥರ. ಕೆಲವರಿಗೆ ಅರಮನೆಯ ಹೂವೇ ಚೆನ್ನಾಗಿತ್ತು ಅನ್ನಿಸಿದೆ, ಈಗ ನಮ್ಮನ್ನು ಕಂಡರೆ ಆಚೆ ಕಡೆ ನಡೆಯುತ್ತಾರೆ. ನಡೆಯಲಿ. ಅಂಥವರ ಬಟ್ಟೆಯನ್ನು ನಾನು ಹೊಲಿಯುವುದಿಲ್ಲ.

ನೀನು ಕೇಳಿದ್ದು ಬರೆಯುತ್ತೇನೆ. ಅಮ್ಮ ಬಂದಾಗಿನಿಂದ ನಿಮ್ಮ ಭಾವ ಮನೆಯೊಳಗೆ ಕೆಮ್ಮುತ್ತಿರಲಿಲ್ಲ. ಕೆಮ್ಮು ಬಂತೆಂದರೆ ಬಾಯಿ ಮುಚ್ಚಿಕೊಂಡು, ಮುಖ ಕೆಂಪಗೆ ಮಾಡಿಕೊಂಡು ಬೀದಿಗೆ ಓಡುತ್ತಿದ್ದರು. ನೋಡಿದವರು ಈ ಮನುಷ್ಯನಿಗೆ ಹೊಟ್ಟೆ ಕೆಟ್ಟಿದೆ ಅಂದುಕೊಂಡಿದ್ದಾರೆ. ನಾನೂ ಮೆಷಿನ್ ಸದ್ದಿನ ಮರೆಯಲ್ಲಿ ಕೆಮ್ಮುತ್ತಿದ್ದೆ. ನಿನ್ನೆ ಊಟಕ್ಕೆ ಕೂತಾಗ ಅವರಿಗೆ ತುತ್ತು ಗಂಟಲಿಗೆ ಸಿಕ್ಕಿ ಓಡಲು ಪುರುಸೊತ್ತೇ ಆಗಲಿಲ್ಲ.

ಬಂದವು. ಎರಡೂ ಕೈ, ಬೊಗಸೆಯಾಗಿ, ಅದೇ ಗದ್ದದ ಕೆಳಗೆ.

ನಿಮ್ಮ ಭಾವ ಬಾಯಿಗೆ ತಟ್ಟೆ ಅಡ್ಡ ಹಿಡಿದುಕೊಂಡರು. ನನ್ನ ಕಣ್ಣು ತುಂಬಿ ಬಂತು. ಅಮ್ಮ ತನ್ನ ಕೈಗಳನ್ನು ತಾನೇ ನೋಡಿಕೊಂಡಳು, ಬೇರೆ ಯಾರದೋ ಕೈ ನೋಡುವ ಹಾಗೆ, ಬಹಳ ಹೊತ್ತು. ನಿಮ್ಮ ಭಾವ ಕೆಮ್ಮು ನಿಂತ ಮೇಲೆ ಆ ಎರಡು ಕೈಗಳನ್ನೂ ಹಿಡಿದು ಮೆಲ್ಲಗೆ ಅವಳ ಮಡಿಲಿಗೆ ಇಟ್ಟರು.

“ಏನ್ಮಾಡೋದಪ್ಪ,” ಅಂದಳು ಅಮ್ಮ. “ಕೈಗೆ ಇನ್ನೂ ಸುದ್ದಿ ಮುಟ್ಟಿಲ್ಲ.”

ಅಕ್ಕ